ಎಂಟು ಜನರನ್ನೂ ಫೇಲ್ ಮಾಡಿದವರು

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ಡಬ್ಲಿನ್ ಹೊರವಲಯದ ಲೂಕನ್ನಿನ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. 'ದೊಡ್ಡ ಮನಸ್ಸಿನವರು' ಎಂದು ಒಬ್ಬರು ಬರೆದರು. 'ಎಲ್ಲರನ್ನೂ ಪ್ರೀತಿಯಿಂದ ಕಾಣುತ್ತಿದ್ದರು' ಎಂದು ಇನ್ನೊಬ್ಬರು. 'ನಮಗೆಲ್ಲ ಸ್ಕೀಯಿಂಗ್ ಕಲಿಸಿದ ಗುರುಗಳು' ಎಂದು ಮೂರನೆಯವರು. ಓದಿ ನನಗೆ ನಗು ಬಂತು. ಅವರ ಮನೆಗೆ ಹೋದವರಿಗೆ ಒಂದು ಲೋಟ ಚಹಾ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಅವರು ಪ್ರೀತಿಯಿಂದ ಕಂಡದ್ದು ಒಂದು ಜೊತೆ ಕೋಲು, ಒಂದು ಜೊತೆ ಹಳೇ ಬೂಟು. ಇನ್ನು ಕಲಿಸಿದ ವಿಷಯ: ನಮ್ಮವರಲ್ಲಿ ಎಂಟು ಜನರನ್ನು ಒಂದೇ ಮಧ್ಯಾಹ್ನ ನಿಲ್ಲಿಸಿ ಫೇಲ್ ಮಾಡಿದರು. ಈಗ ಕೈಮುಗಿಯುತ್ತಿರುವವರಲ್ಲಿ ಏಳು ಜನ ಆ ಎಂಟರಲ್ಲಿ ಸೇರಿದವರು. ಎಂಟನೆಯವನು ನಾನು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಬದುಕಿದ್ದಾಗ ಅವರು ಯಾರ ಬಗ್ಗೆ ಒಳ್ಳೆಯದು ಆಡಿದ್ದರು? ನಾನು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬೆಳೆದವನು. ಹಳೇ ಫ್ರಿಜ್ಜು ಮಾರುವಾಗ ಎಲ್ಲಿ ತುಕ್ಕು ಹಿಡಿದಿದೆ ಎಂದು ಮೊದಲೇ ತೋರಿಸಿಬಿಟ್ಟರೆ ಗಿರಾಕಿ ಉಳಿದದ್ದನ್ನು ನಂಬುತ್ತಾನೆ. ಮನುಷ್ಯರ ವಿಷಯದಲ್ಲೂ ನನ್ನದು ಅದೇ ಪದ್ಧತಿ. ಹೆಸರು ಬರೆಯುವುದಿಲ್ಲ. ಎಲ್ಲರೂ ಸಾರ್ ಎನ್ನುತ್ತಿದ್ದೆವು. ಗೌರವಕ್ಕಲ್ಲ, ಬೇರೆ ಏನೆಂದು ಕರೆದರೂ ಅವರು ತಿರುಗಿ ನೋಡುತ್ತಿರಲಿಲ್ಲ.

ಮೊದಲು ಕಂಡದ್ದು ಕೋವಿಡ್ ಬಂದ ಮರುವರ್ಷದ ಚಳಿಗಾಲದ ಲಾಕ್‌ಡೌನಿನಲ್ಲಿ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಹೋಟೆಲುಗಳ ಹಳೇ ಒಲೆ, ಫ್ರಿಜ್ಜು, ಸ್ಟೀಲ್ ಮೇಜು ಕೊಂಡು ಮಾರುವುದು ನನ್ನ ಕಸುಬು. ಹೋಟೆಲುಗಳೇ ಬಾಗಿಲು ಹಾಕಿದ್ದರಿಂದ ನನ್ನ ವ್ಯಾನೂ ಮನೆ ಮುಂದೆ ನಿಂತಿತ್ತು. ಊಟವಾದ ಮೇಲೆ ಎಸ್ಟೇಟಿನೊಳಗೇ, ಅಂದರೆ ನಮ್ಮ ಬಡಾವಣೆಯೊಳಗೇ, ಸುತ್ತು ಹಾಕುವುದು ಆಗ ಎಲ್ಲರಿಗೂ ಇದ್ದ ಒಂದೇ ಕೆಲಸ. ಹಾಗೆ ಸುತ್ತುವಾಗ ನಮ್ಮ ರಸ್ತೆಯ ಕೊನೆಯ ಮನೆಯ ಹತ್ತಿರ, ಅರವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ ಎರಡು ಕೋಲು ಹಿಡಿದು ರಸ್ತೆಯ ಹಂಪನ್ನು ಹತ್ತಿ ಇಳಿದು, ಮತ್ತೆ ಹಿಂದಕ್ಕೆ ಬಂದು ಹತ್ತಿ ಇಳಿದು ಮಾಡುತ್ತಿದ್ದರು. ಕನ್ನಡದವರೆಂದು ಹೇಗೆ ಗೊತ್ತಾಯಿತೆಂದರೆ ಅವರು ಆ ಹಂಪನ್ನು ಶುದ್ಧ ಮೈಸೂರು ಕನ್ನಡದಲ್ಲಿ ಬಯ್ಯುತ್ತಿದ್ದರು.

'ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?' ಎಂದು ಹತ್ತಿರ ಹೋದೆ.

ಕೋಲು ಚಾಚಿ ನನ್ನನ್ನು ತಡೆದರು. 'ಅಲ್ಲೇ ನಿಂತ್ಕೊಳ್ಳಿ. ಎರಡು ಕೋಲಿನಷ್ಟು ದೂರ.'

'ವಾಕಿಂಗಾ?'

'ಇದು ನಿಮಗೆ ವಾಕಿಂಗ್ ಥರ ಕಾಣ್ತಿದ್ಯಾ?'

ಮಾಸ್ಕಿನ ಮೇಲೆ ಎರಡು ಹುಬ್ಬು ಮಾತ್ರ ಕಾಣುತ್ತಿದ್ದವು. ಆ ಹುಬ್ಬುಗಳಿಂದಲೇ ಒಬ್ಬ ಮನುಷ್ಯನನ್ನು ಅಳೆದು, ಬೆಲೆ ಕಟ್ಟಿ, ಬೇಡವೆಂದು ಪಕ್ಕಕ್ಕಿಡಬಲ್ಲರು ಎಂದು ಅವತ್ತೇ ಗೊತ್ತಾಯಿತು.

ಅವರು ಮಾಡುತ್ತಿದ್ದುದು ಮೊಗಲ್ ಅಭ್ಯಾಸ. ಹೆಸರು ಕೇಳಿ ದಿಲ್ಲಿಯ ಬಾದಶಹರ ತನಕ ಹೋಗಬೇಡಿ, ಸಂಬಂಧವಿಲ್ಲ. ಹಿಮದ ಗುಡ್ಡದಲ್ಲಿ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಇಳಿಯುವವರೆಲ್ಲ ಒಂದೇ ಜಾಗದಲ್ಲಿ ತಿರುಗಿದರೆ, ಅವರು ಕೆರೆದ ಹಿಮ ಪಕ್ಕಕ್ಕೆ ಗುಡ್ಡೆಯಾಗುತ್ತದೆ. ಹಿಂದೆ ಬಂದವರು ಆ ಗುಡ್ಡೆಯನ್ನು ಸುತ್ತಿ ತಿರುಗುತ್ತಾರೆ; ಗುಡ್ಡೆ ಇನ್ನೂ ಬೆಳೆಯುತ್ತದೆ. ಕೊನೆಗೆ ಇಡೀ ಇಳಿಜಾರು ಇಡ್ಲಿ ತಟ್ಟೆಯನ್ನು ಮಗುಚಿಟ್ಟಂತೆ ಉಬ್ಬು ಉಬ್ಬಾಗುತ್ತದೆ. ಆ ಉಬ್ಬುಗಳ ಹೆಸರು ಮೊಗಲ್. ಬುದ್ಧಿ ಇದ್ದವರು ಪಕ್ಕದ ಸಮ ಜಾಗದಲ್ಲಿ ಇಳಿಯುತ್ತಾರೆ. ಸಾರ್ ಉಬ್ಬುಗಳನ್ನು ಹುಡುಕಿಕೊಂಡು ಹೋಗುವವರು. ಚಿಕ್ಕ ವಯಸ್ಸಿನಲ್ಲಿ ಕೆಲಸಕ್ಕೆಂದು ಆಸ್ಟ್ರಿಯಾದಲ್ಲಿ ಹತ್ತು ವರ್ಷ ಇದ್ದಾಗ ಹಿಡಿದ ಹುಚ್ಚು. ಆಮೇಲೆ ಡಬ್ಲಿನ್ನಿಗೆ ಬಂದು ಸ್ಯಾಂಟ್ರಿಯ ಒಂದು ಸರಕು ಸಾಗಣೆ ಆಫೀಸಿನಲ್ಲಿ ಕಾಗದ ಪತ್ರ ನೋಡಿಕೊಂಡಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ 'ಯಾರೂ ಕಾಲು ಜೋಡಿಸಿ ನಿಲ್ತಿರಲಿಲ್ಲ' ಎಂದರು. ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಿಮ ಸರಿಯಾಗಿ ಬೀಳದ ಈ ದೇಶದಲ್ಲಿ ಸ್ಕೀಯಿಂಗ್ ಎಲ್ಲಿ ಎಂದು ನೀವು ಕೇಳಬಹುದು. ಊರ ಹೊರಗಿನ ಒಂದು ಗುಡ್ಡದ ಬದಿಯಲ್ಲಿ ಒಂದು ಚಿಕ್ಕ ಕ್ಲಬ್ಬಿನವರು ಬ್ರಷ್ಷಿನಂಥ ಪ್ಲಾಸ್ಟಿಕ್ ಹಾಸು ಹೊದಿಸಿ, ಮೇಲೆ ನೀರು ಚಿಮುಕಿಸಿ ಇಳಿಜಾರು ಮಾಡಿದ್ದರು. ಅದರ ಎಡ ಅಂಚಿನಲ್ಲಿ ಹಾಸಿನ ಕೆಳಗೆ ಮಣ್ಣು ಗುಡ್ಡೆ ಹಾಕಿ ಮಾಡಿದ ಏಳು ಉಬ್ಬುಗಳ ಒಂದು ಸಾಲು. ಆ ಏಳು ಮಣ್ಣುಗುಡ್ಡೆಗಳೇ ಸಾರ್ ಅವರ ಆಸ್ತಿ, ಸಂಸಾರ, ಎಲ್ಲ. ಶನಿವಾರ ಭಾನುವಾರ ಅಲ್ಲಿ ಸಂಬಳವಿಲ್ಲದೆ ಕಲಿಸುತ್ತಿದ್ದರು. ಸಂಬಳವಿಲ್ಲದೆ ಕೆಲಸ ಮಾಡುವವರನ್ನು ನಾನು ನಂಬುವುದಿಲ್ಲ. ಅವರನ್ನು ಯಾರೂ ಕೆಲಸದಿಂದ ತೆಗೆಯಲು ಆಗುವುದಿಲ್ಲ.

ಅವರ ತಾತ್ಸಾರಕ್ಕೆ ಜಾತಿ ಮತ ದೇಶ ಭೇದವಿರಲಿಲ್ಲ, ಅದೊಂದು ಒಪ್ಪಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಆಲ್ಪ್ಸ್‌ಗೆ ಹೋಗಿ ಫೋಟೋ ಹಾಕುವ ಸಾಫ್ಟ್‌ವೇರ್ ಹುಡುಗರು 'ಬಾಡಿಗೆ ಜಾಕೆಟ್ಟುಗಳು'. ಐರಿಷರು 'ಬಿದ್ದು ನಗುವವರು'. ನಾನು 'ಸಾಹೇಬರು', ಅವರು ಅದನ್ನು ಉಚ್ಚರಿಸಿದರೆ ಮರ್ಯಾದೆ ಕೊಟ್ಟಂತೆಯೂ ಇರುತ್ತಿತ್ತು, ಕಿತ್ತುಕೊಂಡಂತೆಯೂ ಇರುತ್ತಿತ್ತು. ಅವರ ಬಾಯಲ್ಲಿ ಸದಾ ಒಂದೇ ಬೈಗುಳ: 'ಹಿಂದಕ್ಕೆ ಒರಗ್ತಾನೆ.' ಪಕ್ಕದ ಮನೆಯವನು ಕಾರು ಸರಿಯಾಗಿ ನಿಲ್ಲಿಸದಿದ್ದರೂ, ಟೀವಿಯಲ್ಲಿ ಮಂತ್ರಿ ಲಾಕ್‌ಡೌನ್ ಮುಂದಕ್ಕೆ ಹಾಕಿದರೂ ಅದೇ. 'ಹಿಂದಕ್ಕೆ ಒರಗ್ತಾನೆ, ಇನ್ನೇನಾಗತ್ತೆ?'

ಇದರ ಅರ್ಥ ನನಗೆ ತಿಳಿದದ್ದು ನಾನೂ ಆ ಹಂಪಿನ ಮೇಲೆ ಹತ್ತಿ ಇಳಿಯತೊಡಗಿದ ಮೇಲೆ. ನಾನು ಯಾಕೆ ಸೇರಿಕೊಂಡೆ? ಬೇಜಾರು. ವ್ಯಾಪಾರ ಇಲ್ಲದ ವ್ಯಾಪಾರಿ ಯಾವ ಕೆಲಸಕ್ಕೂ ಹೇಸುವುದಿಲ್ಲ. ಎರಡು ಕೋಲು ದೂರದಲ್ಲಿ ನಿಂತು ಅವರು ತಮ್ಮ ಕೋಲಿನ ತುದಿಯಿಂದ ನನ್ನ ಮೊಣಕಾಲು ತೋರಿಸುತ್ತಿದ್ದರು. 'ಉಬ್ಬು ಬರ್ತಿದೆ, ಮಡಿಸಿ. ಮೊಣಕಾಲು ಉಬ್ಬನ್ನ ನುಂಗಬೇಕು. ತಲೆ ಮೇಲೆ ಹೋಗಬಾರ್ದು, ಕೆಳಗೆ ಬರಬಾರ್ದು. ಉಬ್ಬು ದಾಟ್ತಾ, ಈಗ ಕಾಲು ಚಾಚಿ, ಪಾದದ ತುದಿ ಕೆಳಕ್ಕೆ ಒತ್ತಿ. ಕಾಲು ನೋಡ್ಬೇಡಿ ಸಾಹೇಬ್ರೆ, ಕಾಲೇನು ಓಡಿ ಹೋಗಲ್ಲ! ಮೂರನೇ ಉಬ್ಬು ನೋಡಿ.'

'ಇಲ್ಲಿರೋದು ಒಂದೇ ಹಂಪ್ ಸಾರ್.'

'ಇದೆ ಅಂದ್ಕೊಂಡು ನೋಡಿ.'

ಇಳಿಜಾರಿನಲ್ಲಿ ಹೆದರಿದವನು ತಾನಾಗಿಯೇ ಹಿಂದಕ್ಕೆ ಒರಗುತ್ತಾನೆ, ಗುಡ್ಡದ ಕಡೆಗೆ, ಮನೆಯ ಕಡೆಗೆ. ಹಾಗೆ ಒರಗಿದ ಕ್ಷಣ ಸ್ಕೀಯ ಮುಂಭಾಗದ ಮೇಲೆ ಭಾರ ಇಲ್ಲದೆ ಅದು ಮಾತು ಕೇಳುವುದನ್ನು ಬಿಡುತ್ತದೆ, ವೇಗ ಹೆಚ್ಚುತ್ತದೆ. ಉಳಿಯಬೇಕಾದರೆ ಯಾವುದಕ್ಕೆ ಹೆದರುತ್ತೀರೋ ಅದರ ಮೇಲೇ ಎದೆ ಇಟ್ಟು ಬಾಗಬೇಕು. ಕೈ ಎರಡೂ ಮುಂದೆ, ತಟ್ಟೆ ಹಿಡಿದಂತೆ. ಇದು ನಿಮಗೆ ಯಾವತ್ತಾದರೂ ಬೇಕಾಗಬಹುದು, ಬರೆದಿಟ್ಟುಕೊಳ್ಳಿ.

ತಟ್ಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಂದು ದಿನ ನಾನು ಗೋದಾಮಿನಿಂದ ಸ್ಟೀಲಿನ ದೊಡ್ಡ ತಟ್ಟೆಯೊಂದನ್ನು ತಂದು ಅದರ ಮೇಲೆ ನೀರು ತುಂಬಿದ ಆರು ಲೋಟ ಇಟ್ಟುಕೊಂಡು ಹಂಪು ದಾಟಿದೆ. ಒಂದು ಹನಿ ಚೆಲ್ಲಲಿಲ್ಲ. ಸಾರ್ ಕೋಲು ಎತ್ತಿ ಒಂದೊಂದೇ ಲೋಟ ಎಣಿಸಿದರು.

'ಎಲ್ಲಿ ಸರ್ವರ್ ಆಗಿದ್ರಿ?'

ನಾನು ಈ ದೇಶಕ್ಕೆ ಬಂದು ಮೊದಲ ನಾಲ್ಕು ವರ್ಷ ಎಲ್ಲಿ ತಟ್ಟೆ ಎತ್ತಿದೆ, ಅದಕ್ಕೂ ಮುಂಚೆ ಮೆಜೆಸ್ಟಿಕ್ ಹತ್ತಿರದ ಯಾವ ಹೋಟೆಲಿನಲ್ಲಿ ಒಂದೇ ತೋಳಿನ ಮೇಲೆ ನಾಲ್ಕು ದೋಸೆ ಸಾಗಿಸುತ್ತಿದ್ದೆ ಎಂಬುದನ್ನು ಲೂಕನ್ನಿನಲ್ಲಿ ಯಾರಿಗೂ ಹೇಳಿದವನಲ್ಲ. 'ನಾನ್ಯಾಕೆ ಸಾರ್ ಸರ್ವರ್ ಆಗ್ಲಿ' ಎಂದೆ.

'ಸೊಂಟದ ಮೇಲೆ ನೀವು ಸರಿ ಇದ್ದೀರಿ. ಸೊಂಟದ ಕೆಳಗೆ ಬರೀ ಚೌಕಾಸಿ' ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಎರಡನೆಯದಕ್ಕೆ ಒಂದು ವರ್ಷ ಕಾಯಬೇಕಾಯಿತು.

ಬೇಸಿಗೆ ಹೊತ್ತಿಗೆ ಐದು ಕಿಲೋಮೀಟರಿನ ಕಟ್ಟು ಸಡಿಲಿತು, ಇಳಿಜಾರು ತೆರೆಯಿತು. ಅದಾಗಿ ಒಂದು ವಾರಕ್ಕೆ ಸಾರ್ ನಮ್ಮ ಮನೆಯ ಗೇಟಿಗೆ ಬಂದರು. ಅವರು ಯಾರ ಮನೆಗೂ ಹೋಗುವವರಲ್ಲ. ನನ್ನ ಹೆಂಡತಿ ಶಬಾನಾ ಕಿಟಕಿಯಿಂದ ನೋಡಿ, 'ನಿಮ್ಮ ಕೋಲು ಮಾಸ್ತರ್ ಬಂದವ್ರೆ. ಮುಖ ನೋಡಿದ್ರೆ ಏನೋ ಬೇಕಾಗಿದೆ, ಕೇಳಕ್ಕೆ ಬಾಯಿ ಬರ್ತಿಲ್ಲ' ಎಂದಳು. ಇಪ್ಪತ್ತು ವರ್ಷ ಗುಜರಿಯವನ ಜೊತೆ ಬಾಳಿದವಳು. ಗಿರಾಕಿಯ ಮುಖ ಓದುವುದು ಅವಳಿಗೂ ಬರುತ್ತದೆ.

ಬಂದವರು ಕೇಳಲಿಲ್ಲ, ದೂರಿದರು. ಕ್ಲಬ್ಬಿನವರಿಗೆ ಬುದ್ಧಿ ಇಲ್ಲವಂತೆ. ಉಬ್ಬಿನ ಹಾಸು ಸವೆದಿದೆ, ಅಲ್ಲಿಗೆ ಯಾರೂ ಬರುವುದಿಲ್ಲ, ಚಳಿಗಾಲಕ್ಕೆ ಮುಂಚೆ ಅದನ್ನು ಸಮ ಮಾಡಿ ಮಕ್ಕಳ ತರಗತಿಗೆ ಬಿಡೋಣ ಎಂದು ತೀರ್ಮಾನಿಸಿದ್ದಾರಂತೆ. ನನಗೆ ಅದು ಬುದ್ಧಿವಂತರ ತೀರ್ಮಾನವಾಗಿಯೇ ಕಂಡಿತು. ಆದರೆ ಅವರ ಕಷ್ಟ ಬೇರೆ ಇತ್ತು. ಉಬ್ಬಿನ ಸಾಲಿಗೆ ಒಬ್ಬರೇ ಇಳಿಯುವಂತಿಲ್ಲ. ಉಬ್ಬಿನ ಪರೀಕ್ಷೆ ಪಾಸಾದ ಇನ್ನೊಬ್ಬರು ಕೆಳಗೆ ನಿಂತು ನೋಡುತ್ತಿರಬೇಕು ಎಂಬುದು ಅಲ್ಲಿಯ ನಿಯಮ. ಮೊದಲು ಇಬ್ಬರು ಮುದುಕ ಐರಿಷರು ನಿಲ್ಲುತ್ತಿದ್ದರು. ಒಬ್ಬರು ಕೋವಿಡ್ ಶುರುವಾದಾಗ ಹೆದರಿ ಮಗಳ ಮನೆ ಸೇರಿದರು, ಇನ್ನೊಬ್ಬರಿಗೆ ಶ್ವಾಸಕೋಶದ ತೊಂದರೆ, ಹೊರಗೇ ಬರುತ್ತಿರಲಿಲ್ಲ. ಅಂದರೆ ಸಾರ್ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ತಮ್ಮ ಉಬ್ಬಿನ ಮೇಲೆ ತಾವೇ ಇಳಿದಿರಲಿಲ್ಲ. ಎರಡೂ ಮೊಣಕಾಲು ಸವೆಯುತ್ತಿದ್ದವು, ಡಾಕ್ಟರು ಇನ್ನು ಹೆಚ್ಚು ದಿನ ಸ್ಕೀ ಮಾಡಲಾಗದು ಎಂದಿದ್ದರು.

'ಜನ ಬೇಕು ಅಷ್ಟೇ ತಾನೇ ಸಾರ್?' ಎಂದೆ.

'ಜನ ಅಲ್ಲ. ಕಲಿಯೋರು.'

'ನಮ್ಮೋರು ಫೀಸ್ ಕಟ್ಟಿದ್ರೆ ಏನ್ ಬೇಕಾದ್ರೂ ಕಲೀತಾರೆ. ನನಗೆ ಬಿಡಿ.'

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಹೆಂಗಸು, ನಿವೃತ್ತ ನರ್ಸು. ಹೋಗಿ ಕುಳಿತು ಮಾತಾಡಿದೆ. ಆಗಸ್ಟ್ ಕೊನೆಯೊಳಗೆ ಎಂಟು ಜನ ಉಬ್ಬಿನ ಪರೀಕ್ಷೆ ಪಾಸಾಗಿ ಮುಂದಿನ ವರ್ಷಕ್ಕೆ ಹೆಸರು ಕೊಟ್ಟರೆ ಉಬ್ಬು ಉಳಿಸಬೇಕು ಎಂದೆ. ಆಕೆ ಹನ್ನೆರಡು ಎಂದಳು. ನಾನು ಎದ್ದು ನಿಂತೆ. ಎಂಟಕ್ಕೆ ಬಂದಳು. 'ಗ್ರ್ಯಾಂಡ್' ಎಂದಳು. ಇಲ್ಲಿ ಹೊಸಬರಿಗೆ ಒಂದು ಮಾತು: ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಒಪ್ಪಿದರು ಎಂದುಕೊಳ್ಳಬೇಡಿ, ಇನ್ನು ಮನೆಗೆ ಹೋಗಿ ಎಂದೂ ಆಗುತ್ತದೆ. ನಾನು ಅಲ್ಲೇ ಕಾಗದ ಕೇಳಿ ಬರೆಸಿಕೊಂಡೆ. ಅಷ್ಟು ಎಚ್ಚರಿಕೆ ವಹಿಸಿದವನು ನಮ್ಮ ನಾಡಿನವರೇ ಆದ ಸಾರ್ ಹತ್ತಿರ ಏನೂ ಬರೆಸಿಕೊಳ್ಳಲಿಲ್ಲ.

ಎಂಟು ಜನ ಸಿಕ್ಕುವುದು ಕಷ್ಟವಾಗಲಿಲ್ಲ. ಮನೆಯಲ್ಲೇ ಕುಳಿತು ಕೆಲಸ ಮಾಡಿ ಬೆನ್ನು ಹಿಡಿದಿದ್ದ ಇಂಜಿನಿಯರುಗಳು ಹೊರಗೆ ಹೋಗಲು ನೆಪ ಹುಡುಕುತ್ತಿದ್ದರು. ಗುಂಪಿನ ಅಡ್ಮಿನ್ ರಾಘು ಅಂತೂ ಮೊದಲ ದಿನವೇ ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸಿಕೊಂಡು ಬಂದ. ಮೂರು ತಿಂಗಳು ಶನಿವಾರ ಶನಿವಾರ ನನ್ನ ವ್ಯಾನಿನ ಹಿಂದೆ ಮೂರು ಕಾರು. ಸಾರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಬಯ್ದರು. ಬಿಸಿಲಿರಲಿ ಮಳೆಯಿರಲಿ ಕೈಗವಸು, ಉದ್ದ ತೋಳಿನ ಅಂಗಿ. ಹಾಸಿನ ಸಂದಿಗೆ ಹೆಬ್ಬೆರಳು ಸಿಕ್ಕಿದರೆ ಮುರಿಯುತ್ತದೆ. ಒಬ್ಬ ಗವಸು ಮರೆತು ಬಂದದ್ದಕ್ಕೆ ಇಡೀ ತರಗತಿ ನಿಲ್ಲಿಸಿ ಮನೆಗೆ ಕಳಿಸಿದರು. ಯಾರಾದರೂ ಸರಿಯಾಗಿ ತಿರುಗಿದರೆ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದಿದ್ದರೆ ಸರಿ ಎಂದು ನಾವೇ ತಿಳಿದುಕೊಳ್ಳಬೇಕಿತ್ತು.

ನಾನು ಕೆಟ್ಟದ್ದು ಈ ಲೆಕ್ಕಾಚಾರದಿಂದಲೇ. ಪರೀಕ್ಷೆಗೆ ಒಂದು ವಾರ ಇರುವಾಗ, ಎಂಟರಲ್ಲಿ ಐದು ಜನ ಇನ್ನೂ ಪಾಸಾಗುವ ಹಾಗಿಲ್ಲ ಎಂದು ನನಗೆ ಕಂಡಿತು. ಬೂಟು ಬಿಚ್ಚುತ್ತ ಕುಳಿತಿದ್ದ ಸಾರ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

'ಸಾರ್, ಎಂಟು ಜನ ಆಗಲೇಬೇಕು. ಒಂದೆರಡು ತಿರುವು ಆಚೆ ಈಚೆ ಆದ್ರೂ ನೀವು ಸ್ವಲ್ಪ ನೋಡ್ಕೊಳ್ಳಿ. ಪರೀಕ್ಷೆ ಮಾಡೋರು ನೀವೇ. ಪಾಸಾದ್ಮೇಲೆ ಅವರೇನು ಉಬ್ಬಿನ ಮೇಲೆ ಹೋಗಲ್ಲ, ಕೆಳಗೆ ನಿಂತ್ಕೊಂತಾರೆ, ನೀವು ಇಳೀರಿ. ಉಬ್ಬು ಉಳಿಯತ್ತೆ.'

ಅವರು ಬೂಟಿನ ಕೊಂಡಿ ಬಿಚ್ಚಿದರು. ಇನ್ನೊಂದು ಕೊಂಡಿ ಬಿಚ್ಚಿದರು. ಏನೂ ಅನ್ನಲಿಲ್ಲ.

ಗುಜರಿಯಲ್ಲಿ ಒಂದು ಪದ್ಧತಿ ಇದೆ. ನೀವು ಕೊನೆಯ ಬೆಲೆ ಹೇಳಿದ ಮೇಲೆ ಎದುರಿನವನು ಬೈದರೆ ವ್ಯಾಪಾರ ಇನ್ನೂ ನಡೆಯುತ್ತಿದೆ ಎಂದರ್ಥ. ಸುಮ್ಮನಾದರೆ ಒಪ್ಪಿದ. ಆಗ ಇನ್ನೊಂದು ಮಾತಾಡದೆ ಮಾಲು ಎತ್ತಿ ಗಾಡಿಗೆ ಹಾಕಬೇಕು. ನಾನು ಮಾಲು ಎತ್ತಿದೆ. ವ್ಯಾನಿನಲ್ಲಿ ರಾಘುಗೆ ಹೇಳಿದೆ, 'ಆಯ್ತು, ಮುಗೀತು, ಎಲ್ಲಾರೂ ಪಾಸ್.'

'ನಿಜವಾಗ್ಲೂ ಭಾಯ್? ಸಾರ್ ಬಾಯಿಂದ ಹೂಂ ಅಂತ ಬಂತಾ?'

'ಹೂಂ ಅನ್ನೋಕೆ ಅವ್ರಿಗೆ ಬಾಯಿ ಎಲ್ಲೈತೆ? ಸುಮ್ನಿದ್ರು. ಸಾಕು.'

ಎಂಟು ಮನೆಗಳಿಗೆ ಸುದ್ದಿ ಹೋಯಿತು. ಪರೀಕ್ಷೆಯ ದಿನ ಹೆಂಡಂದಿರು, ಮಕ್ಕಳು, ಒಬ್ಬರ ಮನೆಗೆ ಬಂದು ವಿಮಾನವಿಲ್ಲದೆ ಸಿಕ್ಕಿಹಾಕಿಕೊಂಡಿದ್ದ ಅತ್ತೆ, ಎಲ್ಲ ಬಂದರು. ಶಬಾನಾ ಎರಡು ದೊಡ್ಡ ಪಾತ್ರೆ ಬಿರಿಯಾನಿ, ಸಾರ್‌ಗೆಂದು ಬೇರೆ ಡಬ್ಬಿಯಲ್ಲಿ ಪುಳಿಯೋಗರೆ ಮಾಡಿ ತಂದಿದ್ದಳು. ರಾಘು ಅಭಿನಂದನೆಯ ಬ್ಯಾನರನ್ನೇ ಮಾಡಿಸಿಬಿಟ್ಟಿದ್ದ.

ಪರೀಕ್ಷೆ ಸಣ್ಣದು. ಉಬ್ಬಿಲ್ಲದ ಇಳಿಜಾರಿನಲ್ಲಿ ಹತ್ತು ತಿರುವು, ಎರಡೂ ಸ್ಕೀ ಜೊತೆಯಾಗಿ, ಒಂದು ಸಲವೂ ಹಿಂದಕ್ಕೆ ಒರಗದೆ. ಕೊನೆಗೆ ಹೇಳಿದ ಗೆರೆಯ ಮೇಲೆ ನಿಲ್ಲಬೇಕು. ರಾಘು ಮೊದಲು ಇಳಿದ. ಪಾಸು ಖಾತ್ರಿ ಎಂದು ಗೊತ್ತಿದ್ದವನ ಇಳಿತ ಹೇಗಿರುತ್ತದೆ? ಆರನೇ ತಿರುವಿನಲ್ಲಿ ಹೆಂಡತಿಯ ಕಡೆ ಕೈ ಬೀಸಿದ, ಏಳನೆಯದರಲ್ಲಿ ಕುಂಡಿ ಹಾಸನ್ನು ಸವರಿತು, ಗೆರೆ ದಾಟಿ ಬೇಲಿಯ ಬಲೆಯಲ್ಲಿ ನಿಂತ. ಎದ್ದು ಹೆಬ್ಬೆರಳೆತ್ತಿ ತೋರಿಸಿದ.

'ಫೇಲ್' ಎಂದರು ಸಾರ್.

ಅವನು ತಮಾಷೆಯೆಂದು ನಕ್ಕ. ಎರಡನೆಯವನು ಬಂದ. 'ಫೇಲ್.' ಮೂರನೆಯವನು. ಯಾರೂ ನಗುತ್ತಿರಲಿಲ್ಲ. ನಾಲ್ಕು, ಐದು, ಆರು, ಏಳು. ಕೊನೆಗೆ ನಾನು. ಸತ್ಯ ಹೇಳುತ್ತೇನೆ, ಒಂಬತ್ತು ತಿರುವು ಚೆನ್ನಾಗಿ ಬಂದವು. ಹತ್ತನೆಯದಕ್ಕೆ ಮುಂಚೆ ಒಂದು ಕ್ಷಣ ಗೆರೆ ಹತ್ತಿರ ಬಂತೆಂದು ಬೆದರಿದೆ. ಬೀಳಲಿಲ್ಲ. ಗೆರೆಯ ಮೇಲೇ ನಿಂತೆ.

'ಹಿಂದಕ್ಕೆ ಒರಗಿದ್ರಿ. ಫೇಲ್.'

ಸ್ಕೀ ಕಿತ್ತು ಬಿಸಾಕಿದೆ. 'ಏನ್ ಸಾರ್ ಇದು? ಹೋದ ವಾರ ಮಾತಾಡಿರಲಿಲ್ವಾ?'

'ನೀವು ಮಾತಾಡಿದ್ರಿ.'

'ನೀವು ಬೇಡ ಅನ್ಲಿಲ್ಲ!'

'ಬೇಡ ಅಂತ ಹೇಳಬೇಕಾದ ವಿಷಯ ಅಂತ ನನಗೆ ಅನ್ನಿಸ್ಲಿಲ್ಲ.'

'ಇದು ನಮ್ಮ ಉಬ್ಬಲ್ಲ ಸಾರ್, ನಿಮ್ಮದು. ಎಂಟು ಸಲ ಪಾಸ್ ಅಂದಿದ್ರೆ ಉಳೀತಿತ್ತು. ನಾಳೆ ಕೆಡವ್ತಾರೆ, ಗೊತ್ತಾಗ್ತಿದ್ಯಾ?'

'ಗೊತ್ತು.'

'ಕೆಳಗೆ ನಿಂತ್ಕೊಳ್ಳೋಕೆ ಎಂಥ ಪರೀಕ್ಷೆ ಸಾರ್? ಸುಮ್ನೆ ನಿಂತು ನೋಡೋದು ತಾನೆ!'

ಮೊದಲ ಸಲ ದನಿ ಏರಿಸಿದರು. 'ಮೇಲಿಂದ ಬರೋನು ಮೂರನೇ ಉಬ್ಬಲ್ಲಿ ತಪ್ಪಿದಾನೋ ಐದನೇದ್ರಲ್ಲೋ ನಿಮ್ಮಲ್ಲಿ ಯಾರಿಗೆ ಕಾಣತ್ತೆ? ನಾನು ಬಿದ್ರೆ ಯಾವ ಕಡೆಯಿಂದ ಹತ್ತಿ ಬರ್ಬೇಕು ಅಂತ ಯಾರಿಗೆ ಗೊತ್ತು? ಫೋಟೋ ತೆಗೀತೀರಿ!'

ರಾಘು ಬ್ಯಾನರು ಸುತ್ತಿ ಕಾರಿನ ಡಿಕ್ಕಿಗೆ ಹಾಕಿದ. 'ಬನ್ನಿ ಭಾಯ್, ಈ ಮನುಷ್ಯನ ಹತ್ರ ಏನು?' ಎಂದ. ನನ್ನ ಮಗಳು 'ಡ್ಯಾಡ್, ಯೂ ವರ್ ಗ್ರ್ಯಾಂಡ್' ಎಂದು ಬೆನ್ನು ತಟ್ಟಿದ್ದು ಇನ್ನಷ್ಟು ಉರಿಸಿತು. 'ಫೇಲಾದೋರಿಗೂ ಹಸಿವಾಗತ್ತೆ' ಎಂದು ಶಬಾನಾ ಬಡಿಸಿದಳು. ಯಾರೂ ಸಾರ್ ಕಡೆ ನೋಡಲಿಲ್ಲ. ಅವರು ದೂರದ ಬೆಂಚಿನ ಮೇಲೆ ಒಬ್ಬರೇ ಕುಳಿತು ಡಬ್ಬಿಯ ಪುಳಿಯೋಗರೆ ಪೂರ್ತಿ ತಿಂದು, ಡಬ್ಬಿ ತೊಳೆದು ತಂದು ಕೊಟ್ಟು, 'ಹುಳಿ ಜಾಸ್ತಿ' ಎಂದು ಹೋದರು.

ಹೀಗೂ ಒಬ್ಬ ಮನುಷ್ಯ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದುಂಟೇ? ನಾನು ಕಂಡ ಅತಿ ಕೆಟ್ಟ ವ್ಯಾಪಾರಿ ಅವರು. ಕೈಗೆ ಬಂದ ವ್ಯಾಪಾರವನ್ನು ಒದ್ದು ಕೆಡಿಸಿದರು. ಗುಂಪಿನವರು ಅವತ್ತಿನಿಂದ ಅವರ ಮನೆ ಮುಂದೆ ಹಾದು ಹೋಗುವಾಗ ಫೋನ್ ನೋಡುತ್ತಿದ್ದರು. ದೀಪಾವಳಿಗೆ ಒಬ್ಬರೂ ಕರೆಯಲಿಲ್ಲ. ನಾನೂ ಮಾತು ಬಿಟ್ಟೆ.

ಅಕ್ಟೋಬರಿನಲ್ಲಿ ಉಬ್ಬು ಕೆಡವಿದರು. ಹಳೇ ಹಾಸು ಸಾಗಿಸಲು ವ್ಯಾನು ಬೇಕೆಂದು ಕಾರ್ಯದರ್ಶಿ ನನಗೇ ಫೋನ್ ಮಾಡಿದಳು. ಕಸುಬು ಕಸುಬೇ, ಹೋದೆ. ಬೆಳಗ್ಗೆ ಬೇಗ ತಲುಪಿದಾಗ ಅಲ್ಲಿ ಸಾರ್ ಒಬ್ಬರೇ ಇದ್ದರು, ಕೈಯಲ್ಲಿ ಸಲಿಕೆ. ಏಳು ಉಬ್ಬುಗಳೂ ಇನ್ನೂ ಹಾಗೇ ಇದ್ದವು. ಅವರ ಸ್ಕೀ, ಬೂಟು ಎರಡೂ ಕಾರಿನಲ್ಲಿರುವುದು ಗಾಜಿನಿಂದ ಕಂಡಿತು. ಮಾತು ಬಿಟ್ಟದ್ದು ಮರೆತೆ.

'ಸಾರ್, ಇನ್ನೂ ಯಾರೂ ಬಂದಿಲ್ಲ. ಒಂದು ಸಲ ಇಳಿದುಬಿಡಿ. ನಾನು ಕೆಳಗೆ ನಿಲ್ತೀನಿ.'

ಅವರು ಉಬ್ಬಿನ ಸಾಲನ್ನು ಮೇಲಿಂದ ಕೆಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಈ ಸಲ ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ತಪ್ಪು ನಾನು ಮಾಡಲಿಲ್ಲ.

'ನೀವು ಫೇಲು' ಎಂದು ಮೊದಲ ಉಬ್ಬಿನ ಹಾಸು ಎತ್ತಿ ಸಲಿಕೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಏಳೂ ಸಮವಾದವು. ನಾನು ಸಲಿಕೆ ಹಿಡಿಯುವ ರೀತಿಯೂ ಸರಿ ಇಲ್ಲವಂತೆ.

ಅದಾದ ಮೇಲೆ ನಾನು ಮತ್ತೆ ಹೋಗತೊಡಗಿದ್ದು ಪ್ರೀತಿಯಿಂದಲ್ಲ, ಛಲದಿಂದ. ನನ್ನನ್ನು ಯಾರೂ ಹಾಗೆ ಮುಖದ ಮೇಲೆ ಹೊಡೆದಂತೆ ಬೇಡ ಎಂದಿರಲಿಲ್ಲ. ಬೇಡ ಎಂದವನ ಅಂಗಡಿಗೆ ಮರುದಿನ ಮತ್ತೆ ಹೋಗಬೇಕು, ಇದು ನಾನು ಹುಡುಗರಿಗೆಲ್ಲ ಹೇಳುವ ಬುದ್ಧಿಮಾತು. ಇಡೀ ಚಳಿಗಾಲ ಹೋದೆ. ನವೆಂಬರಿನಲ್ಲಿ ಪರೀಕ್ಷೆ ಕೊಟ್ಟೆ, ಫೇಲ್. ಜನವರಿಯಲ್ಲಿ, ಫೇಲ್. ಶಬಾನಾ, 'ಆ ಉಬ್ಬೇ ಇಲ್ವಲ್ರೀ, ಇನ್ನೂ ಯಾವ ಪರೀಕ್ಷೆಗೆ ಹೋಗ್ತೀರಿ?' ಎಂದು ಕೇಳಿದರೆ ನಾನು ವ್ಯಾನಿನ ಕೀಲಿ ಹುಡುಕುತ್ತಿದ್ದೆ. ಸಾರ್ ಹತ್ತಿರ ಕೇಳಿದರೆ, 'ಪರೀಕ್ಷೆ ನಡೆಯೋದು ಉಬ್ಬಿಲ್ಲದ ಕಡೆ ತಾನೆ?' ಎಂದರು.

ಮಾರ್ಚಿನಲ್ಲಿ ಎಲ್ಲರೂ ಮಾಸ್ಕು ಬಿಟ್ಟಿದ್ದರು, ಅವರೊಬ್ಬರನ್ನು ಬಿಟ್ಟು. ಹಾಸು ಒದ್ದೆಯಾಗಿತ್ತು, ಎದುರು ಗಾಳಿ. ಹತ್ತು ತಿರುವು ಇಳಿದೆ. ಅವತ್ತು ಗೆರೆ ಯಾವಾಗ ಹತ್ತಿರ ಬಂತೆಂದು ನನಗೆ ಗೊತ್ತಾಗಲಿಲ್ಲ, ಕಣ್ಣು ಅದರಾಚೆ ಇತ್ತು. ನಿಂತು ತಿರುಗಿ ನೋಡಿದೆ. ಸಾರ್ ಜೇಬಿನಿಂದ ಕ್ಲಬ್ಬಿನ ಹಳೇ ಹಸಿರು ಚೀಟಿ ತೆಗೆದು, ಮೊಣಕಾಲ ಮೇಲಿಟ್ಟು ಬರೆದು ಕೊಟ್ಟರು. 'ಉಬ್ಬಿಗೆ ಅರ್ಹ', ಕೆಳಗೆ ರುಜು.

'ಇದನ್ನ ಇಟ್ಕೊಂಡು ಏನ್ ಮಾಡ್ಲಿ ಸಾರ್? ಇಡೀ ದೇಶದಲ್ಲಿ ಒಂದು ಉಬ್ಬಿಲ್ಲ.'

'ಕೆಳಗೆ ನಿಂತ್ಕೊಳ್ಳಿ' ಎಂದರು.

'ಏನು?'

'ಪಾಸಾಗಿದ್ದೀರಲ್ಲ. ನಿಂತ್ಕೊಳ್ಳಿ. ನೋಡಿ.'

ಲಿಫ್ಟಿನ ಹಗ್ಗ ಹಿಡಿದು ಮೇಲೆ ಹೋದರು. ಎಡ ಅಂಚಿಗೆ ಸರಿದು, ಕೋಲು ಊರಿ, ಸಮತಟ್ಟಾದ ಆ ಹೊಸ ಹಾಸಿನ ಮೇಲೆ ಇಳಿಯತೊಡಗಿದರು. ಮೊದಲ ಉಬ್ಬು ಇದ್ದ ಜಾಗಕ್ಕೆ ಬರುವಾಗ ಮೊಣಕಾಲು ಎದೆಯ ತನಕ ಮಡಿಸಿ, ದಾಟಿ, ಕಾಲು ಚಾಚಿದರು. ಎರಡು. ಮೂರು. ತಲೆ ಒಂದು ಗೆರೆ ಎಳೆದಂತೆ ಬರುತ್ತಿತ್ತು, ಕೆಳಗೆ ಕಾಲು ಮಾತ್ರ, ಈಗ ಅಲ್ಲಿಲ್ಲದ ಗುಡ್ಡೆಗಳನ್ನು ನುಂಗುತ್ತಿತ್ತು. ಮಕ್ಕಳ ತರಗತಿಯವರು ನಿಂತು ನಗುತ್ತಿದ್ದರು. ಐದನೆಯದರಲ್ಲಿ ಎಡ ಮೊಣಕಾಲು ಪೂರ್ತಿ ಮಡಿಯಲಿಲ್ಲ, ಭುಜ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಹೋಯಿತು. ನಾನು ಒಂದು ಹೆಜ್ಜೆ ಮೇಲಕ್ಕೆ ಇಟ್ಟೆ. ಏಳೂ ದಾಟಿ, ನನ್ನಿಂದ ಎರಡು ಕೋಲು ದೂರದಲ್ಲಿ ನಿಂತರು. ಏದುಸಿರು ಬಿಡುತ್ತಿದ್ದರು.

'ಹೇಳಿ' ಎಂದರು.

'ಐದನೇದ್ರಲ್ಲಿ ಒರಗಿದ್ರಿ ಸಾರ್.'

ಮಾಸ್ಕಿನ ಮೇಲಿನ ಎರಡು ಹುಬ್ಬುಗಳು ನನ್ನನ್ನು ಅಳೆದವು.

'ಹೌದು' ಎಂದು ಹೇಳಿ, ಮತ್ತೆ ಮೇಲೆ ಹೋಗಲು ಹಗ್ಗ ಹಿಡಿದರು.